ಸೋಮವಾರ ಬಂದರೆ ಸ್ಟೆಮ್ ಸೆಲ್‌ಗಳು ಫ್ಲಾಸ್ಕಿನ ತಳ ಬಿಟ್ಟು ಏಳುತ್ತಿವೆ, ಯಾಕೆ?

ಬಿಸಿಲೂರು:
ನಮಸ್ಕಾರ. ರಾಯಚೂರಿನ ಸಣ್ಣ ಲ್ಯಾಬಿನಲ್ಲಿ ಹೊಕ್ಕುಳಬಳ್ಳಿಯೊಳಗಿನ ಲೋಳೆಯಂಥ ವಾರ್ಟನ್ ಜೆಲ್ಲಿಯಿಂದ ತೆಗೆದ ಮೀಸೆಂಕೈಮಲ್ ಸ್ಟೆಮ್ ಸೆಲ್ (ಮೂಳೆ, ಕೊಬ್ಬಿನಂಥ ಬೇರೆ ಸೆಲ್ ಆಗಬಲ್ಲವು) ಬೆಳೆಸುತ್ತಿದ್ದೇನೆ. ಫೆಬ್ರವರಿವರೆಗೆ ನಾಲ್ಕು ದಿನಕ್ಕೆ ಫ್ಲಾಸ್ಕಿನ ತಳ ಮುಕ್ಕಾಲು ತುಂಬುತ್ತಿತ್ತು. ಈಗ ಎಂಟು ದಿನವಾದರೂ ಅರ್ಧವಿಲ್ಲ. ಕದಿರಿನ ಹಾಗೆ ಉದ್ದಕ್ಕೆ ಇರಬೇಕಾದ ಸೆಲ್‌ಗಳು ತಟ್ಟಿದ ರೊಟ್ಟಿಯ ಹಾಗೆ ಅಗಲವಾಗಿವೆ, ಒಳಗೆಲ್ಲ ಕಾಳುಕಾಳು. ಸೆಲ್ ಬೆಳೆಯುವ ಪೋಷಕ ದ್ರವ, ಮೀಡಿಯಂ, ತಿಳಿಯಾಗೇ ಇದೆ. ಅದಕ್ಕೆ ಬೆರೆಸುವ ಸೀರಂ ಬಾಟಲಿ ಬದಲಿಸಿದೆ, ಉಪಯೋಗವಾಗಲಿಲ್ಲ. ಇನ್‌ಕ್ಯುಬೇಟರ್ ನೋಡಿದಾಗೆಲ್ಲ 37 ಡಿಗ್ರಿ, ಕಾರ್ಬನ್ ಡೈಆಕ್ಸೈಡ್ 5% ಅಂತಲೇ ತೋರಿಸುತ್ತೆ.

ಪೆಟ್ರಿಡಿಶ್ ಅಕ್ಕ:
ತಿಳಿಯಾಗಿದೆ ಅಂತ ನಂಬಬೇಡಿ. ಮೈಕೋಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾ ಇದ್ದರೂ ಮೀಡಿಯಂ ಕಲಕಲ್ಲ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್‌ಗೆ ಬಗ್ಗಲ್ಲ. ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದ್ರಾ? ಎಷ್ಟನೇ ಪ್ಯಾಸೇಜ್, ಅಂದರೆ ಎಷ್ಟು ಸಲ ಹೊಸ ಫ್ಲಾಸ್ಕಿಗೆ ಬಿಡಿಸಿ ಹಾಕಿದ್ದೀರಿ?

ಬಿಸಿಲೂರು:
ಪ್ಯಾಸೇಜ್ 4. ಪಿಸಿಆರ್ ನೆಗೆಟಿವ್ ಬಂತು, ಅಕ್ಕ. ಒಂದು ವಿಚಿತ್ರ ಹೇಳಬೇಕು. ಶನಿವಾರ ಚೆನ್ನಾಗಿ ಅಂಟಿಕೊಂಡಿರುತ್ತವೆ. ಸೋಮವಾರ ನೋಡಿದರೆ ಒಂದಷ್ಟು ಎದ್ದು ತೇಲುತ್ತಿರುತ್ತವೆ.

ಗಣಿಧೂಳು:
ಭಾನುವಾರ ರೂಮಿನ ಎಸಿ ಓಡುತ್ತಾ? ಇನ್‌ಕ್ಯುಬೇಟರ್‌ಗೆ ಕಾಯಿಸೋದು ಗೊತ್ತು, ತಣಿಸೋದು ಗೊತ್ತಿಲ್ಲ. ರೂಮು ಅದಕ್ಕಿಂತ ಐದು ಡಿಗ್ರಿಯಾದರೂ ತಂಪಿರಬೇಕು. ಬೆಂಗಳೂರಿನ ಪ್ರೋಟೋಕಾಲ್‌ನಲ್ಲಿ ಇದನ್ನೆಲ್ಲ ಯಾರೂ ಬರೆಯಲ್ಲ ಬಿಡಿ, ಅವರಿಗೆ ಅದರ ಕಷ್ಟವೇ ಇಲ್ಲ. ಬಳ್ಳಾರಿಯಲ್ಲಿ ನನಗೂ ಹೀಗೇ ಆಗಿತ್ತು. ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಒಂದನ್ನು ಶನಿವಾರ ಇನ್‌ಕ್ಯುಬೇಟರ್ ಒಳಗಿಟ್ಟು ಹೋಗಿ.

ಬಿಸಿಲೂರು:
ಸರ್, 40.2! ವಾಚ್‌ಮನ್ ಅಣ್ಣ ಶನಿವಾರ ಸಂಜೆ ಎಸಿ ಆರಿಸಿ, ಸೋಮವಾರ ಆರಕ್ಕೆ ಹಚ್ಚುತ್ತಿದ್ದರಂತೆ. ನಾನು ಹತ್ತಕ್ಕೆ ಬರುವಷ್ಟರಲ್ಲಿ 37. ಮಧ್ಯೆ ಅಲಾರಂ ಕೂಗಿದರೂ ಕೇಳೋರ್ಯಾರು? "ಒಳಗ ಯಾರೂ ಇರಂಗಿಲ್ಲಲ್ರೀ, ಸುಮ್ನ ಕರೆಂಟ್ ಯಾಕ ಸುಡಬೇಕು" ಅಂದರು. ಅವರಿಗೆ ಯಾರೂ ಹೇಳೇ ಇರಲಿಲ್ಲ. ಸ್ವಿಚ್ ಮೇಲೆ ಚೀಟಿ ಅಂಟಿಸಿದೆ. ಇನ್ನೊಂದು: ಜನರೇಟರ್ ಲೈನಿಗೆ ಇನ್‌ಕ್ಯುಬೇಟರ್ ಇದೆ, ಎಸಿ ಇಲ್ಲ! ಈ ಸೆಲ್ ಉಳಿಸಿಕೊಳ್ಳಬಹುದಾ? ಈ ಸೆಲ್ ಗುರುತಿಸುವ ಮೇಲ್ಮೈ ಪ್ರೋಟೀನ್‌ಗಳು, ಸಿಡಿ73, 90, 105 ಮೂರೂ ಮಾರ್ಕರ್ ಸರಿಯಾಗಿವೆ.

ಪೆಟ್ರಿಡಿಶ್ ಅಕ್ಕ:
ಮುಪ್ಪಾಗಿ ವಿಭಜನೆ ನಿಲ್ಲಿಸಿದ ಸೆಲ್‌ನಲ್ಲೂ ಆ ಮಾರ್ಕರ್ ಇರುತ್ತವೆ. ಅನುಮಾನವಿದ್ದರೆ ಬೀಟಾ-ಗ್ಯಾಲಕ್ಟೋಸಿಡೇಸ್ ಅನ್ನೋ ಕಿಣ್ವ ತೋರಿಸುವ ಬಣ್ಣ (ಸ್ಟೇನ್) ಹಾಕಿ, ಮುಪ್ಪಾದವು ನೀಲಿಯಾಗುತ್ತವೆ.

ಗಣಿಧೂಳು:
ಸ್ಟೇನ್ ಹಾಕಿ ಕಲಿಯಿರಿ, ಆಮೇಲೆ ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಕೊಂದು ಒಗೆದುಬಿಡಿ. ಮುಂದೊಂದು ದಿನ ರೋಗಿಯ ಮೈಗೆ ಹೋಗಬೇಕಾದ ಕೆಲಸ ಇದು. ಎಷ್ಟು ಸಲ ಬಿಸಿಯಾಗಿವೆ ಅಂತ ಲೆಕ್ಕವೇ ಇಲ್ಲದ ಸೆಲ್ ಇಟ್ಟುಕೊಂಡು ಏನು ಮಾಡ್ತೀರಿ? ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಪ್ಯಾಸೇಜ್ 2 ಸೆಲ್ ಇದೆಯಾ?

ಬಿಸಿಲೂರು:
ಮೂರು ವಯಲ್ (ಪುಟ್ಟ ಸೀಸೆ) ಇವೆ ಸರ್. ಎಲೆಕ್ಟ್ರಿಷಿಯನ್ ಗುರುವಾರ ಬರ್ತೀನಿ ಅಂದಿದ್ದಾರೆ. ಎಸಿ ಜನರೇಟರ್ ಲೈನಿಗೆ ಬರುವವರೆಗೆ ಒಂದನ್ನೂ ಹೊರಗೆ ತೆಗೆಯಲ್ಲ.