ಪಳಗಿದ ಕೈಗೆ ಅಭ್ಯಾಸ ತಪ್ಪಿದರೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ,

ನಾನು ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಡಾಕ್ಟರ್. ಹೊಸದಾಗಿ ಸೇರುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಕಡೆ ಪೆನ್ನು ನಿಂತಿದೆ.

ಒಂದು, ‘ಪ್ರೊಸೀಜರ್’. ಉಸಿರಿಗೆ ಟ್ಯೂಬ್ ಹಾಕುವುದು, ಎದೆಗೂಡಿನಲ್ಲಿ ತುಂಬಿಕೊಂಡ ಗಾಳಿ ತೆಗೆಯುವುದು, ಇಂಥ ಕೆಲಸಗಳು. ‘ವಿಧಾನ’ ಅಂದರೆ ಮಾಡುವ ಬಗೆ ಆಯ್ತು, ಕೆಲಸ ಅಲ್ಲ. ‘ಕ್ರಿಯೆ’ ಅನ್ನೋಣ ಅಂದರೆ, ಬಾಗಿಲ ಹೊರಗೆ ಕಾಯುತ್ತಿರುವ ಮನೆಯವರ ಕಿವಿಗೆ ಅದು ಉತ್ತರಕ್ರಿಯೆಯ ಕ್ರಿಯೆ. ಖಂಡಿತ ಬೇಡ. ಸದ್ಯಕ್ಕೆ ‘ಪ್ರೊಸೀಜರ್’ ಅಂತಲೇ ಬಿಟ್ಟಿದ್ದೇನೆ.

ನಿಜವಾದ ತೊಡಕು ಎರಡನೆಯದು. "ಇದನ್ನು ಎಷ್ಟು ಸಲ ಮಾಡಿದ್ದೀರಿ?" ಅಂತ ಒಂದು ಪ್ರಶ್ನೆ ಬರೆದಿದ್ದೆ. ಆಮೇಲೆ ಅನಿಸಿತು, ಕೇಳಬೇಕಾದದ್ದು "ಕಡೆಯ ಸಲ ಮಾಡಿ ಎಷ್ಟು ದಿನ ಆಯ್ತು?" ಅಂತ. ಕೈಗೆ ಸೂಜಿ ಹಾಕಿ ಡ್ರಿಪ್ ಏರಿಸುವ ಕೆಲಸ ದಿನವೂ ಬರುತ್ತದೆ. ಕತ್ತಿನಲ್ಲಿ ಕೊಯ್ದು ಉಸಿರಿಗೆ ದಾರಿ ಮಾಡುವ ಕೆಲಸ ವರ್ಷಗಟ್ಟಲೆ ಬಾರದೇ ಇರಬಹುದು. ಬಾಯಿಂದ ಟ್ಯೂಬ್ ಇಳಿಯುತ್ತಿಲ್ಲ, ಮಾಸ್ಕಿನಿಂದಲೂ ಗಾಳಿ ಹೋಗುತ್ತಿಲ್ಲ ಅಂದಾಗ ಉಳಿಯುವುದು ಅದೊಂದೇ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಹೇಳಿದ ಕ್ರಮಕ್ಕೆ ಬೇಕಾದ ಸಾಮಾನು ಮೂರೇ: 10ನೇ ನಂಬರಿನ ಬ್ಲೇಡು, ಒಂದು ಬೂಜಿ (ಟ್ಯೂಬು ಒಳಗೆ ಇಳಿಯಲು ದಾರಿ ತೋರಿಸುವ, ಬಾಗುವ ತೆಳು ಕಡ್ಡಿ), 6 ಮಿ.ಮೀ. ಟ್ಯೂಬು. ಆದರೆ ಗಂಟಲಿನ ಉಬ್ಬಿನ ಕೆಳಗಿರುವ ಆ ಸಣ್ಣ ತಗ್ಗು ಬೆರಳಿಗೆ ತಟ್ಟನೆ ಸಿಗಬೇಕಲ್ವಾ? ಅದಕ್ಕೇ ನಾವು ಮಟನ್ ಅಂಗಡಿಯಿಂದ ಕುರಿಯ ಗಂಟಲು ತರಿಸಿ ಕೊಯ್ದು ಅಭ್ಯಾಸ ಮಾಡುತ್ತೇವೆ.

ಕನ್ನಡದಲ್ಲಿ ‘ಪಳಗಿದ ಕೈ’ ಇದೆ. ‘ಕೈಗುಣ’ ಇದೆ, ಆದರೆ ಅದು ಅಭ್ಯಾಸದಿಂದ ಬರುವಂಥದ್ದಲ್ಲ. ‘ಹಾಡ್ತಾ ಹಾಡ್ತಾ ರಾಗ’ ಅನ್ನುತ್ತೇವೆ. ಹಾಡದೆ ಬಿಟ್ಟರೆ? ಒಮ್ಮೆ ಪಳಗಿ, ಬಹಳ ದಿನ ಮಾಡದೆ ತಡವರಿಸುವ ಕೈಗೆ ಏನನ್ನಬೇಕು? ‘ಕೈ ಬಿಟ್ಟಿದ್ದಾರೆ’ ಅಂದರೆ ಬೇಕಂತಲೇ ತೊರೆದ ಹಾಗೆ. ‘ಕೈ ತಪ್ಪಿದೆ’ ಅಂದರೆ ಸಿಗಬೇಕಾದದ್ದು ಜಾರಿಹೋದ ಹಾಗೆ. ‘ರೂಢಿ ತಪ್ಪಿದೆ’ ಸ್ವಲ್ಪ ಹತ್ತಿರ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಮೊನ್ನೆ "ಕೈಗೆ ಮರೆತುಹೋಗಿದೆ ಡಾಕ್ಟ್ರೇ" ಅಂದರು. ಕ್ರಮವೆಲ್ಲ ಅವರಿಗೆ ಬಾಯಿಪಾಠ, ಮರೆತದ್ದು ಕೈ ಮಾತ್ರ. ನನಗೆ ಅದೇ ಜಾಸ್ತಿ ಹಿಡಿಸಿತು.

ಮಗ್ಗದವರು, ಅಕ್ಕಸಾಲಿಗರು, ಮೃದಂಗ ನುಡಿಸುವವರು ಇದಕ್ಕೆ ಏನಾದರೂ ಮಾತು ಬಳಸುತ್ತಾರಾ? ಕೇಳಿದ್ದರೆ ದಯವಿಟ್ಟು ತಿಳಿಸಿ, ಯಾವ ಕಡೆಯ ಮಾತು ಅಂತಲೂ ಸೇರಿಸಿ.