ಎಂಸಿಪಿ ಟೂಲ್: ಏಜೆಂಟ್ ಅಡಿಕೆ ಧಾರಣೆಯನ್ನು ತಪ್ಪು ತಪ್ಪಾಗಿ ಹೇಳುತ್ತಿದೆ

ತೋಟದಮನೆ_ಕೋಡರ್
ನಮಸ್ಕಾರ. ಮನೆಯವರಿಗೆ ಅಂತ ಅಡಿಕೆ ಧಾರಣೆ ಹೇಳುವ ಒಂದು ಪುಟ್ಟ ಎಂಸಿಪಿ ಸರ್ವರ್ (ಎಐ ಏಜೆಂಟ್ ಕರೆದು ಬಳಸಲು ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂ) ಬರೆದಿದ್ದೇನೆ. ಪೈಥಾನ್, ಎರಡೇ ಟೂಲ್: ಗೆಟ್_ರೇಟ್ ಮತ್ತು ಗೆಟ್_ಡೇಟಾ. ನಾನೇ ಓಡಿಸಿದರೆ ಎರಡೂ ಸರಿ ಇವೆ. ಏಜೆಂಟ್ ಕೈಗೆ ಕೊಟ್ಟರೆ ಮಾತ್ರ ಎಡವಟ್ಟು.

"ಶಿರಸಿಯಲ್ಲಿ ಇವತ್ತು ಚಾಲಿ ಎಷ್ಟು" (ಚಾಲಿ ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ) ಅಂದರೆ ಹಳೆಯ ದಾಖಲೆ ತರುವ ಗೆಟ್_ಡೇಟಾ ಕರೆಯುತ್ತದೆ. ಪುತ್ತೂರಿನ ಜೊತೆ ಹೋಲಿಸು ಅಂದರೆ ಶಿರಸಿಯಲ್ಲಿ ನೂರು ಪಟ್ಟು ಜಾಸ್ತಿ ಅನ್ನುತ್ತದೆ! ಭಾನುವಾರ ಕೇಳಿದರೆ ಒಂದೇ ಟೂಲನ್ನು ಮತ್ತೆ ಮತ್ತೆ ಕರೆದು, ಕೊನೆಗೆ ತಾನೇ ಒಂದು ರೇಟು ಹುಟ್ಟಿಸಿ ಹೇಳುತ್ತದೆ. ಏಜೆಂಟ್‌ಗೆ ಮೊದಲೇ ಕೊಡುವ ಸೂಚನೆಯಲ್ಲಿ (ಸಿಸ್ಟಂ ಪ್ರಾಂಪ್ಟ್) "ಊಹೆ ಮಾಡಬೇಡ" ಅಂತ ಹಾಕಿ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ. ದೊಡ್ಡ ಮಾಡೆಲ್‌ಗೆ ಹೋಗಬೇಕಾ?

ಬ್ಯಾಕ್‌ಸ್ಲ್ಯಾಶ್
ಸದ್ಯಕ್ಕೆ ಮಾಡೆಲ್ ಮುಟ್ಟಬೇಡಿ. ಎರಡೂ ಟೂಲ್‌ಗಳ ಡಿಸ್ಕ್ರಿಪ್ಶನ್ ಇಲ್ಲಿ ಹಾಕಿ.

ತೋಟದಮನೆ_ಕೋಡರ್
ಗೆಟ್_ರೇಟ್: "ರೇಟ್ ಕೊಡುತ್ತದೆ."
ಗೆಟ್_ಡೇಟಾ: "ಡೇಟಾಬೇಸ್‌ನಿಂದ ಡೇಟಾ ತರುತ್ತದೆ."
ಪ್ಯಾರಾಮೀಟರ್‌ಗಳು ಮಾರ್ಕೆಟ್, ಟೈಪ್ (ಅಡಿಕೆಯ ಬಗೆ), ಡೇಟ್. ಮೂರೂ ಸ್ಟ್ರಿಂಗ್, ಅಂದರೆ ಯಾವ ಪಠ್ಯವಾದರೂ ಆದೀತು. ಬಾಕಿ ವಿವರ ಎಲ್ಲ ಕೋಡ್ ಜೊತೆಗಿನ ರೀಡ್‌ಮೀ ಫೈಲಿನಲ್ಲಿ ಇದೆ ಸಾರ್.

ಬ್ಯಾಕ್‌ಸ್ಲ್ಯಾಶ್
ರೀಡ್‌ಮೀ ಏಜೆಂಟ್‌ಗೆ ಕಾಣುವುದೇ ಇಲ್ಲ. ಟೂಲ್ಸ್/ಲಿಸ್ಟ್ ಅಂತ ಕೇಳಿದಾಗ ನಿಮ್ಮ ಸರ್ವರ್ ಕಳಿಸುವ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಯಾವ ಪ್ಯಾರಾಮೀಟರ್ ಯಾವ ರೂಪದಲ್ಲಿ ಬೇಕು ಅನ್ನುವ ಪಟ್ಟಿ) ನೋಡಿಯೇ ಅದು ಟೂಲ್ ಆರಿಸಬೇಕು. ಫಾಸ್ಟ್‌ಎಂಸಿಪಿ ಅನ್ನುವ ಪೈಥಾನ್ ಲೈಬ್ರರಿ ಬಳಸಿದ್ದರೆ ಫಂಕ್ಷನ್‌ನ ಡಾಕ್‌ಸ್ಟ್ರಿಂಗೇ (ಫಂಕ್ಷನ್ ಒಳಗೆ ಮೊದಲಿಗೆ ಬರೆಯುವ ಟಿಪ್ಪಣಿ) ವಿವರಣೆಯಾಗಿ ಹೋಗುತ್ತದೆ. ಸರ್ವರ್ ಪರೀಕ್ಷಿಸುವ ಎಂಸಿಪಿ ಇನ್‌ಸ್ಪೆಕ್ಟರ್ ತೆರೆದು ಏನು ಹೋಗುತ್ತಿದೆ ನೋಡಿ. ಅಷ್ಟನ್ನೇ ಓದಿ ನಿಮ್ಮ ತಮ್ಮನಿಗೆ ಸರಿಯಾದ ಟೂಲ್ ಆರಿಸಲು ಆಗುತ್ತದಾ? "ಡೇಟಾ ತರುತ್ತದೆ" ಅನ್ನುವುದು ಯಾವ ಟೂಲ್‌ಗೂ ಹೊಂದುತ್ತದೆ.

ನಾನಾಗಿದ್ದರೆ ಮೊದಲನೆಯದಕ್ಕೆ ಹೀಗೆ ಬರೆಯುತ್ತಿದ್ದೆ:

"ಒಂದು ಮಾರುಕಟ್ಟೆಯಲ್ಲಿ ಒಂದು ದಿನದ ಅಡಿಕೆ ಧಾರಣೆ ಕೊಡುತ್ತದೆ. 'ಇವತ್ತು ಎಷ್ಟು', 'ನಿನ್ನೆ ಎಷ್ಟಿತ್ತು' ಎಂಬ ಪ್ರಶ್ನೆಗಳಿಗೆ ಇದನ್ನು ಬಳಸಿ. ಒಂದಕ್ಕಿಂತ ಹೆಚ್ಚು ದಿನದ ಏರಿಳಿತ ಬೇಕಿದ್ದರೆ ಇದನ್ನು ಬಳಸಬೇಡಿ, ಧಾರಣೆ_ಇತಿಹಾಸ ಬಳಸಿ. ದಿನಾಂಕ ಕೊಡದಿದ್ದರೆ ಕೊನೆಯ ವಹಿವಾಟಿನ ದಿನದ ಧಾರಣೆ ಬರುತ್ತದೆ."

ಗೆಟ್_ಡೇಟಾ ಹೆಸರನ್ನೇ ಧಾರಣೆ_ಇತಿಹಾಸ ಮಾಡಿ. ಯಾವಾಗ ಬಳಸಬಾರದು ಅನ್ನುವ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹತ್ತಿರ ಹತ್ತಿರದ ಎರಡು ಟೂಲ್ ಇದ್ದಾಗ ಕೆಲಸ ಮಾಡುವುದೇ ಆ ಸಾಲು.

ಟೈಪ್ ಅನ್ನು ಸುಮ್ನೆ ಸ್ಟ್ರಿಂಗ್ ಅಂತ ಬಿಡಬೇಡಿ. ಈನಮ್ ಮಾಡಿ, ಅಂದರೆ ಇಂತಿಷ್ಟೇ ಬೆಲೆಗಳಲ್ಲಿ ಒಂದನ್ನು ಆರಿಸುವ ಪಟ್ಟಿ: ರಾಶಿ, ಚಾಲಿ, ಬೆಟ್ಟೆ, ಗೊರಬಲು, ಹೀಗೆ ಅಡಿಕೆಯ ಬಗೆಗಳು. ದಿನಾಂಕ 2025-03-04 ರೂಪದಲ್ಲೇ ಬರಲಿ, ಅದನ್ನು ಪ್ಯಾರಾಮೀಟರ್ ವಿವರಣೆಯಲ್ಲೇ ಉದಾಹರಣೆ ಸಮೇತ ಹೇಳಿ. 04/03/2025 ಅಂದರೆ ಮಾರ್ಚ್ 4 ಅಂತ ನಮಗೆ ಗೊತ್ತು, ಅಮೆರಿಕದವರು ಅದನ್ನೇ ಏಪ್ರಿಲ್ 3 ಅಂತ ಓದುತ್ತಾರೆ. ಮಾಡೆಲ್ ಎರಡನ್ನೂ ಓದಿ ಬೆಳೆದಿದೆ.

ಕಡಲತೀರ_ಮಾಣಿ
ನೂರು ಪಟ್ಟಿನ ಗುಟ್ಟು ನಾನು ಹೇಳುತ್ತೇನೆ ಮಾರಾಯ್ರೇ. ಶಿರಸಿ, ಶಿವಮೊಗ್ಗದಲ್ಲಿ ಧಾರಣೆ ಕ್ವಿಂಟಾಲಿಗೆ. ನಮ್ಮ ಪುತ್ತೂರು, ಮಂಗಳೂರು ಕಡೆ ಕೆಜಿಗೆ. ನಿಮ್ಮ ಟೂಲ್ ಬರೀ ಅಂಕಿ ಕೊಟ್ಟರೆ ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು? ಉತ್ತರದ ಫೀಲ್ಡ್ ಹೆಸರಲ್ಲೇ ಅಳತೆಯ ಮಾನ ಇರಲಿ: ರೂ_ಪ್ರತಿ_ಕ್ವಿಂಟಾಲ್, ರೂ_ಪ್ರತಿ_ಕೆಜಿ. ಎರಡನ್ನೂ ಸರ್ವರ್‌ನಲ್ಲೇ ಲೆಕ್ಕ ಹಾಕಿ ಕೊಡಿ. ಭಾಗಾಕಾರ ಮಾಡೆಲ್ ತಲೆಗೆ ಕಟ್ಟಬೇಡಿ.

ಬ್ಯಾಕ್‌ಸ್ಲ್ಯಾಶ್
ಹೌದು, ಅದೇ. ಇನ್ನು ಭಾನುವಾರದ ವಿಷಯ. ಈಗ ಖಾಲಿ ಲಿಸ್ಟ್ ವಾಪಸ್ ಕೊಡುತ್ತಿದ್ದೀರಿ, ಅಲ್ವಾ? ಖಾಲಿ ಅಂದರೆ ರಜೆಯೋ, ಮಾರುಕಟ್ಟೆ ಹೆಸರು ತಪ್ಪೋ, ಸರ್ವರ್ ಕೆಟ್ಟಿದೆಯೋ ಅದಕ್ಕೆ ತಿಳಿಯದು. ಅದಕ್ಕೇ ಮತ್ತೆ ಮತ್ತೆ ಕರೆಯುತ್ತದೆ. ಹೀಗೆ ಕೊಡಿ: "ಈ ದಿನ ಶಿರಸಿಯಲ್ಲಿ ವಹಿವಾಟು ಇಲ್ಲ. ಇದೇ ದಿನಾಂಕಕ್ಕೆ ಮತ್ತೆ ಕೇಳಿದರೂ ಇದೇ ಉತ್ತರ. ಕೊನೆಯ ವಹಿವಾಟು ಶನಿವಾರ, ಧಾರಣೆ ಕೆಳಗಿದೆ."

ತಪ್ಪು ಇನ್‌ಪುಟ್ ಬಂದಾಗ ಎಕ್ಸೆಪ್ಶನ್‌ನ ಟ್ರೇಸ್‌ಬ್ಯಾಕ್ (ಕೋಡ್ ಎಲ್ಲಿ ಕೆಟ್ಟಿತು ಅನ್ನುವ ಉದ್ದ ವರದಿ) ಪೂರ್ತಿ ಸುರಿಯಬೇಡಿ. ಟೂಲ್ ಫಲಿತಾಂಶದಲ್ಲೇ ತಪ್ಪಾಗಿದೆ ಎಂದು ಸೂಚಿಸುವ ಈಸ್‌ಎರರ್ ಫೀಲ್ಡನ್ನು ಟ್ರೂ ಮಾಡಿ, "'ಸಿರ್ಸಿ' ಎಂಬ ಮಾರುಕಟ್ಟೆ ಇಲ್ಲ. ಇರುವವು: ಶಿರಸಿ, ಶಿವಮೊಗ್ಗ, ಪುತ್ತೂರು" ಅಂತ ಬರೆಯಿರಿ. ಅದನ್ನು ಓದಿ ಮಾಡೆಲ್ ತಾನೇ ತಿದ್ದಿಕೊಳ್ಳುತ್ತದೆ. ಫಲಿತಾಂಶದ ಬದಲು ಪ್ರೋಟೊಕಾಲ್ ಮಟ್ಟದ ಎರರ್ ಕಳಿಸಿದರೆ ಅದು ಮಾಡೆಲ್‌ವರೆಗೆ ತಲುಪುತ್ತದೆ ಅನ್ನುವ ಖಾತ್ರಿ ಇಲ್ಲ.

ಕಡಲತೀರ_ಮಾಣಿ
ಹಾಗಂತ ರೀಡ್‌ಮೀ ಪೂರ್ತಿ ಎತ್ತಿ ವಿವರಣೆಗೆ ತುಂಬಬೇಡಿ. ಸಾಮಾನ್ಯವಾಗಿ ವಿವರಣೆ ಪ್ರತಿ ಸಲವೂ ಮಾಡೆಲ್ ಓದುವ ಪಠ್ಯದೊಳಗೆ (ಕಾಂಟೆಕ್ಸ್ಟ್) ಹೋಗುತ್ತದೆ, ಆ ಪಠ್ಯದ ತುಣುಕುಗಳ (ಟೋಕನ್) ಖರ್ಚು ನಿಮ್ಮದೇ. ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಏಜೆಂಟ್‌ಗೆ ಯಾಕೆ?

ತೋಟದಮನೆ_ಕೋಡರ್
ಎಲ್ಲ ಹಾಕಿದೆ, ಮಾಡೆಲ್ ಹಳೆಯದೇ. ಈಗ ಸರಿಯಾದ ಟೂಲ್ ಕರೆಯುತ್ತಿದೆ, ಹೋಲಿಕೆಯೂ ಸರಿ. ಭಾನುವಾರದ ದಿನಾಂಕ ಕೊಟ್ಟರೆ ಒಂದೇ ಸಲ ಕರೆದು ಶನಿವಾರದ ಧಾರಣೆ ಹೇಳಿ ಸುಮ್ಮನಾಗುತ್ತದೆ.

ಒಂದು ಉಳಿದಿದೆ. ಪುತ್ತೂರಿನಲ್ಲಿ "ಚಾಲಿ" ಕೇಳಿದರೆ ಅಲ್ಲಿ ಹೊಸ ಅಡಿಕೆ, ಹಳೆ ಅಡಿಕೆ ಅಂತ ಬೇರೆ ಬೇರೆ ಧಾರಣೆ ಇದೆ. ಈಗ ಏಜೆಂಟ್ ಹೇಳದೆ ಕೇಳದೆ ಹೊಸದನ್ನೇ ಆರಿಸುತ್ತದೆ.

ಕಡಲತೀರ_ಮಾಣಿ
ಟೈಪ್‌ನ ವಿವರಣೆಗೆ ಒಂದು ಸಾಲು ಸೇರಿಸಿ: "ಪುತ್ತೂರು, ಮಂಗಳೂರಿನಲ್ಲಿ ಚಾಲಿ ಎಂದಷ್ಟೇ ಕೇಳಿದ್ದರೆ, ಹೊಸದೋ ಹಳೆಯದೋ ಎಂದು ಬಳಕೆದಾರರನ್ನು ಕೇಳಿ, ನೀವೇ ಆರಿಸಬೇಡಿ." ಆಗಲೂ ಕೇಳದಿದ್ದರೆ ಎರಡೂ ಧಾರಣೆ ಒಟ್ಟಿಗೆ ಕೊಟ್ಟುಬಿಡಿ. ನಮ್ಮ ಕಡೆ ಫೋನಲ್ಲಿ ಕೇಳಿದರೂ ಎರಡನ್ನೂ ಹೇಳುವುದೇ ರೂಢಿ.