ಪದಚರ್ಚೆ: ಹರ್ನಿಯಾದ ಜಾಲರಿಯನ್ನು ಹೊಲಿಯುವುದೋ, ಅಂಟಿಸುವುದೋ, ಕೂರಿಸುವುದೋ?

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಓದುವ ರೋಗಿಗಳಿಗೆಂದು ತೊಡೆಸಂದಿನ ಹರ್ನಿಯಾ ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವಾಗ ‘ಮೆಶ್ ಫಿಕ್ಸೇಶನ್’, ಅಂದರೆ ಹರ್ನಿಯಾದ ಜಾಗದಲ್ಲಿಡುವ ಜಾಲರಿಯನ್ನು ಅಲುಗದಂತೆ ಭದ್ರಮಾಡುವುದು, ಎಂಬಲ್ಲಿ ತೊಡಕು. ಇದಕ್ಕೆ ಮಲಯಾಳದಲ್ಲಿ ಹೇಳುವ ‘ಉರಪ್ಪಿಕ್ಕುಕ’ಕ್ಕೆ ಭದ್ರಮಾಡು, ಖಚಿತಪಡಿಸು ಎಂಬ ಎರಡೂ ಅರ್ಥವಿದೆ, ಅವಸರದಲ್ಲಿ ‘ಜಾಲರಿಯನ್ನು ಖಚಿತಪಡಿಸಲಾಗುವುದು’ ಎಂದಾಗಿಬಿಡುತ್ತದೆ. ‘ಸ್ಥಿರೀಕರಣ’ ತಪ್ಪಲ್ಲ, ಆದರೆ ಓದಿದವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ವಿಧಾನ ಬದಲಾದರೆ ನೋವಿನ ಸಾಧ್ಯತೆಯೂ ಬದಲಾಗುತ್ತದೆ. ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಬಾರದು.

ತೊಡೆಸಂದನ್ನು ಕೊಯ್ದು ತೆರೆದು ಮಾಡುವ ಲಿಕ್ಟೆನ್‌ಸ್ಟೈನ್ ವಿಧಾನದಲ್ಲಿ ಸುಮಾರು 7×15 ಸೆಂ.ಮೀ. ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಜಾಲರಿಯ ಕೆಳ ಅಂಚನ್ನು ಇಂಗ್ವೈನಲ್ ಲಿಗಮೆಂಟಿಗೆ, ಅಂದರೆ ತೊಡೆಸಂದಿನ ಗಟ್ಟಿ ನಾರುಪಟ್ಟಿಗೆ, ಒಂದೇ ಎಳೆಯಲ್ಲಿ, ಸಾಮಾನ್ಯವಾಗಿ 2-0 ಗಾತ್ರದ ಪಾಲಿಪ್ರೊಪಿಲೀನ್ ನೂಲಿನಿಂದ, ಹೊಲಿಯುತ್ತಾರೆ. ಒಳಬದಿಯಲ್ಲಿ ಜಾಲರಿ ಪ್ಯೂಬಿಕ್ (ಕಿಬ್ಬೊಟ್ಟೆಯ ಬುಡದ) ಎಲುಬಿನ ಗಂಟನ್ನು 1.5–2 ಸೆಂ.ಮೀ. ದಾಟಿರಬೇಕು; ಕಡಿಮೆಯಾದರೆ ಹರ್ನಿಯಾ ಅಲ್ಲೇ ಮರುಕಳಿಸಬಹುದು. ಆದರೆ ಸೂಜಿ ಎಲುಬಿನ ಮೇಲ್ಪೊರೆಗೆ ತಗಲಕೂಡದು. ಹೊಲಿಗೆಯೊಳಗೆ ನರ ಸಿಕ್ಕಿಕೊಂಡರೆ ತಿಂಗಳುಗಟ್ಟಲೆ ಉರಿ, ಸೆಳೆತ. ಬರೇ ‘ಹೊಲಿಗೆ’ ಎಂದು ಬರೆದರೆ ರೋಗಿ ಕೇಳುವುದು, ‘ಯಾವಾಗ ಬಿಚ್ಚುವುದು?’ ಈ ನೂಲನ್ನು ಬಿಚ್ಚುವುದಿಲ್ಲ, ಅದು ಕರಗುವುದೂ ಇಲ್ಲ. ಹಾಗಾಗಿ ‘ಒಳಹೊಲಿಗೆ’ ಲೇಸು.

ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಜಾಲರಿಯನ್ನು ಹಿಡಿದಿಡುವ ‘ಟ್ಯಾಕ್’ಗೆ ‘ಮೊಳೆ’ ಎಂದರೆ ಜನ ಹೆದರುತ್ತಾರೆ. ಟೈಟಾನಿಯಂನದು ಸುರುಳಿಯಾಗಿ ಒಳಗಿಳಿಯುವುದರಿಂದ ‘ಪುಟ್ಟ ತಿರುಪು’ ಎನ್ನಬಹುದು. ಕರಗುವ ಬಗೆಯೂ ಇದೆ, ಅದನ್ನು ಬೇರೆಯಾಗಿ ಹೇಳಬೇಕು. ತೊಡೆಸಂದಿನ ಒಳಭಾಗದ ಇಲಿಯೊಪ್ಯೂಬಿಕ್ ಎಂಬ ನಾರುಪಟ್ಟಿಯ ಕೆಳಗೆ, ಹೊರಬದಿಯಲ್ಲಿ ತಿರುಪು ಕೂಡದು. ತೊಡೆಯ ನರಗಳು ಹಾದುಹೋಗುವುದು ಅಲ್ಲೇ.

‘ಅಂಟು’ ಎಲ್ಲರಿಗೂ ತಿಳಿಯುತ್ತದೆ, ಆದರೆ ಸಾಲದು. ಫೈಬ್ರಿನ್ ಅಂಟು ಮನುಷ್ಯರ ರಕ್ತದ ಪ್ಲಾಸ್ಮಾದಿಂದ ತಯಾರಾದದ್ದು. ಒಪ್ಪಿಗೆ ಕೊಡುವವರಿಗೆ ಅದು ಗೊತ್ತಿರಲೇಬೇಕು. ಸಯನೋಅಕ್ರಿಲೇಟ್ ಎಂಬ ಅಂಟು ಕೃತಕ. ಅದನ್ನು ಹನಿಹನಿಯಾಗಿಯೇ ಹಾಕಬೇಕು. ಬಳಿದರೆ ಗಟ್ಟಿಯಾದ ಪದರದಡಿ ಜಾಲರಿಯ ಕಣ್ಣುಗಳಲ್ಲಿ ಮಾಂಸ ಕೂಡಿಕೊಳ್ಳದು.

ಟಿಇಪಿ, ಅಂದರೆ ಹೊಟ್ಟೆಯ ಒಳಪೊರೆಯ ಹೊರಗೇ ಮಾಡುವ ಲ್ಯಾಪರೊಸ್ಕೋಪಿ ವಿಧಾನದಲ್ಲಿ ಕನಿಷ್ಠ 10×15 ಸೆಂ.ಮೀ. ಜಾಲರಿಯನ್ನು ಸುಕ್ಕಿಲ್ಲದೆ ಹರಡಿದರೆ ಹೊಟ್ಟೆಯ ಒತ್ತಡವೇ ಅದನ್ನು ಹಿಡಿದಿಡುತ್ತದೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಒಳಬದಿಯ ದೊಡ್ಡ ಹರ್ನಿಯಾ, ಅಂದರೆ ಎಂ3, ಬಿಟ್ಟರೆ ಬಹುಪಾಲು ಭದ್ರಮಾಡುವ ಅಗತ್ಯವೇ ಇಲ್ಲ. ಇಲ್ಲಿ ‘ಕೂರಿಸುವುದು’ ಸರಿಯಾದ ಮಾತು.

ಉಳಿದದ್ದು ಒಂದು. ಕರಗುವ ಸಣ್ಣ ಕೊಕ್ಕೆಗಳಿಂದ ತಾನಾಗಿ ಹಿಡಿದುಕೊಳ್ಳುವ ಜಾಲರಿಗೆ ‘ಕಚ್ಚುಜಾಲರಿ’ ಚುರುಕಾಗಿದೆ, ಆದರೆ ನೋವಿನ ಭಯ ಹುಟ್ಟಿಸುತ್ತದೆ. ‘ಹಿಡಿಜಾಲರಿ’ ಆದೀತೇ? ಗಡಿನಾಡಿನ ಆಡುಮಾತಿನಲ್ಲಿ ಇನ್ನೂ ಒಳ್ಳೆಯದಿದ್ದರೆ ದಯವಿಟ್ಟು ತಿಳಿಸಿ.